ಬೆಜವಾಡದ ಬ್ರೇಕ್ ರಬ್ಬರು

2018ರ ಫೆಬ್ರವರಿ ತಿಂಗಳ ಒಂದು ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ. ಸ್ಥಳ, ವಿಶಾಖಪಟ್ಟಣದಲ್ಲಿ ನಮ್ಮ ಮನೆಯ ವರಾಂಡ. ಹಾಜರಿದ್ದವರು ನಾನು, ನನ್ನ ಮಗಳು, ನನ್ನ ಅಣ್ಣ, ಮತ್ತು ಸೀಟಿನ ಮೇಲೆ ತಲೆಕೆಳಗಾಗಿ ನಿಂತಿದ್ದ ಅಣ್ಣನ ಸೈಕಲ್ಲು. ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ದಿನ, ಹೊತ್ತು, ಹಾಜರಿದ್ದವರು, ಇಷ್ಟನ್ನು ಮೊದಲು ಬರೆಯದೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ. ರೋಗಿಯ ಹೆಸರನ್ನು ಮಾತ್ರ ಬರೆಯುವುದಿಲ್ಲ. ಓದಿದರೆ ಅಣ್ಣ ಬೈಯುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ಒಂದೇ ಒಂದು ಬ್ರೇಕ್ ರಬ್ಬರು ಕೊಳ್ಳಲು ರೈಲಿನಲ್ಲಿ ಅರ್ಧ ಹಗಲು ಪ್ರಯಾಣ ಮಾಡುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ, ಮತ್ತು ಅವನು ನಮ್ಮ ಮನೆಯಲ್ಲೇ ಇದ್ದಾನೆ! ಬ್ರೇಕ್ ರಬ್ಬರು ಎಂದರೆ ಗೊತ್ತಲ್ಲ? ಸೈಕಲ್ ಚಕ್ರದ ಅಂಚನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ, ಹೆಬ್ಬೆರಳಿನಷ್ಟು ಉದ್ದದ ಕರಿಯ ತುಂಡು. ನಮ್ಮ ರಸ್ತೆಯ ತುದಿಯಲ್ಲೊಂದು ಸೈಕಲ್ ಅಂಗಡಿಯಿದೆ. ಫೋನಿನಲ್ಲಿ ಬೆರಳೊತ್ತಿದರೆ ಬಾಗಿಲಿಗೇ ತಂದುಕೊಡುವವರಿದ್ದಾರೆ. ಅಣ್ಣನಿಗೆ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ. ಅವನು ಬೆಳಗಿನ ರೈಲು ಹತ್ತಿ ವಿಜಯವಾಡಕ್ಕೆ ಹೋಗುತ್ತಾನೆ. ಹಳೆಯ ಜನರಂತೆ ಅವನೂ ಆ ಊರನ್ನು ಬೆಜವಾಡ ಎಂದೇ ಕರೆಯುವುದು. ಅಲ್ಲಿ ಎಡಗಡೆಯ ಬ್ರೇಕ್ ರಬ್ಬರು ಒಂದನ್ನು ಕೊಂಡು ರಾತ್ರಿಯ ರೈಲಿಗೆ ಹೊರಟು ಮರುದಿನ ಬೆಳಗ್ಗೆ ಮನೆಗೆ ಬರುತ್ತಾನೆ.

"ಬಲಗಡೆಯದನ್ನೂ ಒಟ್ಟಿಗೇ ತರಬಾರದಾ?" ಎಂದು ನಾನು ಕೇಳಿದೆ.

"ಅದು ಇನ್ನೂ ಸವೆದಿಲ್ಲ ಕಣಮ್ಮ. ಸವೆಯದೆ ಇರೋದನ್ನ ತೆಗೆಯೋದು ಅನ್ಯಾಯ ಅಲ್ವಾ?"

ಮುಂದಿನ ತಿಂಗಳು ಬಲಗಡೆಯದು ಸವೆಯುತ್ತಿತ್ತು. ಸವೆಯದೆ ಏನು ಮಾಡೀತು!

ನಾವು ತುಮಕೂರು ಕಡೆಯವರು. ನಾನು ನರ್ಸ್ ಕೆಲಸಕ್ಕೆಂದು ಬಂದು, ತೆಲುಗಿನವರನ್ನು ಮದುವೆಯಾಗಿ, ವಿಶಾಖಪಟ್ಟಣದಲ್ಲೇ ಉಳಿದೆ. ಅಣ್ಣ ವಿಜಯವಾಡದ ಆಟೋನಗರ್‌ನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ. ನಟ್ಟು, ಬೋಲ್ಟು, ವಾಷರುಗಳ ನಡುವೆಯೇ ತಲೆ ಬೆಳ್ಳಗಾಯಿತು. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಕೆಟ್ಟರೆ ಸ್ಪೇರ್ ಸಿಗಲ್ಲ" ಎನ್ನುತ್ತಿದ್ದ. ನನ್ನ ಯಜಮಾನರು ತೀರಿಕೊಂಡ ಮೇಲೆ, ಅಣ್ಣನೂ ನಿವೃತ್ತನಾದ್ದರಿಂದ, 2014ರಲ್ಲಿ ನಾನೇ ಹೋಗಿ ಅವನನ್ನು ಇಲ್ಲಿಗೆ ಕರೆತಂದೆ. ಅವನ ಆಸ್ತಿಯೆಂದರೆ ಒಂದು ಟ್ರಂಕು, ಒಂದು ಕುಕ್ಕರು, ಒಂದು ಸೈಕಲ್ಲು. ಸ್ಟೇಷನ್ನಿನಲ್ಲಿ ಸೈಕಲ್ಲನ್ನು ಪಾರ್ಸಲ್ ಕಚೇರಿಗೆ ಒಪ್ಪಿಸಿ, ಚೀಟಿ ಕಟ್ಟಿಸಿ, ಸಾಮಾನು ಸಾಗಿಸುವ ಬ್ರೇಕ್ ವ್ಯಾನಿನಲ್ಲಿ ಕೂರಿಸಿ, ಅದರ ಸೀಟು ತಟ್ಟಿ ಬಂದ. ತನಗೆ ಟಿಕೆಟ್ ತೆಗೆಸುವುದನ್ನು ಮರೆತಿದ್ದ.

ಇವನ ಬೆಜವಾಡ ಯಾತ್ರೆ ನಿಮಗೆ ಅರ್ಥವಾಗಬೇಕಾದರೆ ನಮ್ಮ ತಂದೆಯ ವಿಷಯ ಹೇಳಬೇಕು. ಅವರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಮನೆಯಲ್ಲೂ ಸೀಟಿ ಊದುತ್ತಿದ್ದರು. ಏಳುವುದಕ್ಕೊಂದು ಸೀಟಿ, ಊಟಕ್ಕೊಂದು, ಪಾಠಕ್ಕೊಂದು. ಅವರ ನಿಯಮಗಳಲ್ಲಿ ಮೊದಲನೆಯದು, ಕೆಲಸವಿಲ್ಲದೆ ಇನ್ನೊಬ್ಬರ ಹೊಸ್ತಿಲು ತುಳಿಯಬಾರದು. ಹೋದ ತಕ್ಷಣ ಬಂದ ಕೆಲಸ ಹೇಳಬೇಕು. ಅದು ಮುಗಿದ ತಕ್ಷಣ ಎದ್ದು ಬರಬೇಕು. ಅವರ ಸ್ವಂತ ಅಕ್ಕ ಹಾಸಿಗೆ ಹಿಡಿದಾಗ ಅವರು ನೋಡಲು ಹೋದದ್ದು ಹೇಗೆ ಗೊತ್ತೇ? ಕೈಯಲ್ಲೊಂದು ಕತ್ತರಿ ಹಿಡಿದುಕೊಂಡು. "ನಿಮ್ಮೂರಲ್ಲಿ ಸಾಣೆ ಚೆನ್ನಾಗಿ ಹಿಡೀತಾರಂತೆ" ಎಂದರಂತೆ. ಕತ್ತರಿ ಹರಿತವಾಗಿ ಬರುವವರೆಗೆ ಅಕ್ಕನ ಮಂಚದ ಪಕ್ಕ ಕುಳಿತಿದ್ದರಂತೆ. ಸಾಣೆಯವನು ಅದಕ್ಕೆ ಮೂರು ದಿನ ತೆಗೆದುಕೊಂಡ. ಯಾವ ಸಾಣೆಯವನು ಒಂದು ಕತ್ತರಿಗೆ ಮೂರು ದಿನ ತೆಗೆದುಕೊಳ್ಳುತ್ತಾನೆ?

ಈ ರೋಗ ನನಗೂ ಇದೆ. ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡಬೇಕೆನಿಸಿದರೆ ಬಟ್ಟಲು ಹಿಡಿದು ಮೊಸರಿಗೆ ಹೆಪ್ಪು ಕೇಳಲು ಹೋಗುತ್ತೇನೆ. ನಮ್ಮ ಫ್ರಿಜ್ಜಿನಲ್ಲಿ ಮೊಸರು ಇಡಲು ಜಾಗವಿಲ್ಲ. ಅಣ್ಣನದು ಇನ್ನೂ ಬಲಿತ ರೋಗ. ನನ್ನ ಮಗಳು ಹುಟ್ಟಿದಾಗ ಅವನು ವಿಜಯವಾಡದಿಂದ ಓಡಿ ಬಂದಿದ್ದ. ತೊಟ್ಟಿಲ ಕಡೆ ಕಣ್ಣು ಹಾಯಿಸುವ ಮೊದಲು ನನ್ನ ಯಜಮಾನರನ್ನು ಕೇಳಿದ್ದು, "ಇಲ್ಲಿ ಸೈಕಲ್ ಬೆಲ್ಲು ಎಲ್ಲಿ ಸಿಗುತ್ತೆ?"

ಹಾಗಾಗಿ ಅವನು ರೈಲು ಹತ್ತುವುದು ರಬ್ಬರಿಗಲ್ಲ ಎಂದು ನನಗೆ ಗೊತ್ತಿತ್ತು. ಬೆಜವಾಡದ ಸೈಕಲ್ ಅಂಗಡಿಯವರಿಗಾಗಿ. ಅಲ್ಲಿದ್ದಷ್ಟು ವರ್ಷ ಕಾರ್ಖಾನೆಯ ಕೆಲಸ ಮುಗಿಸಿ ಪ್ರತಿ ಸಂಜೆ ಅವನು ಕುಳಿತದ್ದು ಆ ಅಂಗಡಿಯ ಬೆಂಚಿನ ಮೇಲೆ. ಅಂಗಡಿಯವರನ್ನು ಅಣ್ಣ 'ಗುರುವುಗಾರು', ಅಂದರೆ ಗುರುಗಳು, ಎನ್ನುತ್ತಾನೆ. ಅವರು ಅಣ್ಣನನ್ನು 'ಸ್ಟೋರ್ಸ್‌ಗಾರು' ಎನ್ನುತ್ತಾರೆ. ಎಷ್ಟೋ ವರ್ಷಗಳ ಸ್ನೇಹ, ಆದರೆ ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ಗುರುವುಗಾರಿಗೆ ಮಕ್ಕಳೆಷ್ಟು ಎಂದು ಒಮ್ಮೆ ಕೇಳಿದೆ.

"ಗೊತ್ತಿಲ್ಲ."

"ಇಷ್ಟು ವರ್ಷದಲ್ಲಿ ಕೇಳಲೇ ಇಲ್ವಾ?"

"ಸೈಕಲ್ ಸಾಮಾನಿಗೂ ಅದಕ್ಕೂ ಏನಮ್ಮ ಸಂಬಂಧ?"

ಒಮ್ಮೆ ಕಳ್ಳನನ್ನು ಕೈಯಾರೆ ಹಿಡಿಯೋಣವೆಂದು ನಾನೂ ಜೊತೆಗೆ ಹೋದೆ. ಆಟೋನಗರ್‌ನ ಅಂಚಿನಲ್ಲಿ, ಲಾರಿ ತಗಡು ಬಡಿಯುವ ಸದ್ದಿನ ನಡುವೆ, ಒಂದು ಸಣ್ಣ ಅಂಗಡಿ. ಮೇಲಿಂದ ಟೈರುಗಳು ಇಳಿಬಿದ್ದಿದ್ದವು. ಅವುಗಳ ಕೆಳಗೆ ಕನ್ನಡಕ ಮೂಗಿಗಿಳಿಸಿಕೊಂಡು ಗುರುವುಗಾರು ಒಂದು ಚಕ್ರವನ್ನು ತಿರುಗಿಸುತ್ತ ಕುಳಿತಿದ್ದರು. ಇಬ್ಬರೂ ಮಾತಾಡಿದ್ದು ತೆಲುಗಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತೇನೆ, 'ಅಂಡಿ'ಗಳನ್ನು ಮಾತ್ರ ಹಾಗೇ ಬಿಡುತ್ತೇನೆ. ಅದನ್ನು ತೆಗೆದರೆ ಅವರ ಮರ್ಯಾದೆಯನ್ನೇ ತೆಗೆದಂತೆ.

ಹೇಗಿದ್ದೀರಿ, ಎಷ್ಟು ದಿನವಾಯಿತು, ಯಾವುದೂ ಇಲ್ಲ. ಅಣ್ಣ ಹೊರಗೆ ನಿಂತೇ ಕೇಳಿದ, "ಎಡಗಡೆ ಬ್ರೇಕ್ ರಬ್ಬರು ಇದೆಯಾ ಅಂಡಿ?"

ಗುರುವುಗಾರು ತಲೆ ಎತ್ತಲಿಲ್ಲ. "ಇಲ್ಲವಂಡಿ. ಬಲಗಡೆಯದಿದೆ. ಎಡಗಡೆಯದು ಸಾಯಂಕಾಲ ಬರುತ್ತೆ."

"ಹಾಗಾದರೆ ಕಾಯ್ತೀನಿ."

"ಕಾಯಿರಿ. ಬೆಂಚು ಖಾಲಿಯೇ ಇದೆ."

ಅವರ ತಲೆಯ ಹಿಂದೆ ಬ್ರೇಕ್ ರಬ್ಬರುಗಳ ಮಾಲೆಯೇ ನೇತಾಡುತ್ತಿತ್ತು, ಹಬ್ಬದ ದಿನದ ತೋರಣದ ಹಾಗೆ. ನಾನು ಸುಮ್ಮನಿರುವವಳಲ್ಲ. "ಅದೇನಂಡಿ ಅಲ್ಲಿ?" ಎಂದೆ.

ಅವರು ತಿರುಗಿ ನೋಡಿ, ಮೊದಲ ಸಲ ಕಂಡವರಂತೆ, "ಅವೆಲ್ಲ ಬಲಗಡೆಯವಮ್ಮಾ" ಎಂದರು.

ಸಂಜೆಯವರೆಗೆ ಇಬ್ಬರೂ ಕುಳಿತರು. ಏನು ಮಾತಾಡಿದರು ಎನ್ನುತ್ತೀರಿ? ಕಾಲುವೆಗೆ ನೀರು ಬಿಟ್ಟರು. ಬಿಟ್ಟರಾ? ಬಿಟ್ಟರಂಡಿ. ಅಷ್ಟು ಹೇಳಲು ಒಂದು ಗಂಟೆ. ಈ ಸಲ ಬಿಸಿಲು ಬೇಗ ಬಂತು ಎನ್ನಲು ಇನ್ನೊಂದು. ಒಬ್ಬರು ಚಕ್ರ ತಿರುಗಿಸಿದರೆ ಇನ್ನೊಬ್ಬರು ಅದನ್ನು ನೋಡುವುದು. ನನ್ನ ವಾರ್ಡಿನಲ್ಲಿ ಅರಿವಳಿಕೆ ಕೊಡಿಸಿಕೊಂಡವರು ಕೂಡ ಇದಕ್ಕಿಂತ ಚುರುಕಾಗಿರುತ್ತಿದ್ದರು. ರೈಲಿನ ಹೊತ್ತು ಹತ್ತಿರವಾದಾಗ ಗುರುವುಗಾರು ಎದ್ದು, ಅದೇ ಮಾಲೆಯಿಂದ ಒಂದನ್ನು ಕಿತ್ತು, ಪೇಪರಿನಲ್ಲಿ ಸುತ್ತಿ ಕೊಟ್ಟರು. "ಈಗ ಬಂತಂಡಿ" ಎಂದರು. ಅಣ್ಣ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ನಮ್ಮ ರಸ್ತೆಯ ಸೈಕಲ್ ಅಂಗಡಿಯವನನ್ನು ವಿಚಾರಿಸಿದೆ. ಅಣ್ಣನ ಸೈಕಲ್ಲಿನ ಬ್ರೇಕ್ ರಬ್ಬರಿಗೆ ಎಡ ಬಲ ಎಂಬ ಭೇದವೇ ಇಲ್ಲವಂತೆ!

ಬೆಜವಾಡ ಸಮತಟ್ಟಾದ ಊರು. ಅಲ್ಲಿ ರಬ್ಬರು ಬಹಳ ಕಾಲ ಬಾಳುತ್ತಿತ್ತು. ವಿಶಾಖಪಟ್ಟಣದಲ್ಲಿ ಇಳಿಜಾರುಗಳಿವೆ, ಬೇಗ ಸವೆಯುತ್ತದೆ, ಅದು ನಿಜ. ಆದರೆ ಇಷ್ಟು ಬೇಗವೇ? ಪಕ್ಕದ ಮನೆಯಾಕೆ ಒಂದು ದಿನ ನನ್ನ ಬಟ್ಟಲಿಗೆ ಹೆಪ್ಪು ಹಾಕುತ್ತ ಮೆಲ್ಲಗೆ ಕೇಳಿದರು, "ಅಕ್ಕಾ, ನಿಮ್ಮ ಅಣ್ಣನವರಿಗೆ ಆರೋಗ್ಯ ಸರಿಯಿದೆಯಾ? ಸೈಕಲ್ಲನ್ನು ದಿಬ್ಬದ ಮೇಲಕ್ಕೆ ತಳ್ಳಿಕೊಂಡು ಹೋಗ್ತಾರೆ. ಬ್ರೇಕ್ ಒತ್ತಿ ಹಿಡಿದು ಕೆಳಗೆ ಬರ್ತಾರೆ. ಮತ್ತೆ ತಳ್ಳಿಕೊಂಡು ಹೋಗ್ತಾರೆ."

ಮನೆಗೆ ಬಂದು ಅಣ್ಣನನ್ನು ವಿಚಾರಿಸಿದೆ. ಅವನು ಗಂಭೀರವಾಗಿ, "ವ್ಯಾಯಾಮ" ಎಂದ.

ನಾನು ಅವನನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋದೆ. ಭೀಮುನಿಪಟ್ಟಣದವರೆಗೂ ಕರೆದುಕೊಂಡು ಹೋದೆ. ಅಲ್ಲಿಯ ಮರಳಿನ ಮೇಲೆ ಕುಳಿತು ಬಹಳ ಹೊತ್ತು ನೋಡಿದ. "ಚೆನ್ನಾಗಿದೆ ಕಣಮ್ಮ. ಆದರೆ ಇದಕ್ಕೆ ಆಚೆ ದಡ ಇಲ್ಲ. ಕಾಲುವೆ ಆದರೆ ಆಚೆ ದಡದಲ್ಲಿ ಯಾರಾದರೂ ಗೊತ್ತಿರೋರು ನಿಂತಿರ್ತಾರೆ" ಎಂದ. ನಾನು ಏನನ್ನಾದರೂ ಹೇಳಬೇಕಿತ್ತು. ಹೊತ್ತಾಯಿತು, ಏಳು, ಎಂದೆ.

ಆ ಭಾನುವಾರಕ್ಕೆ ಹಿಂದಿನ ಮಳೆಗಾಲದಲ್ಲಿ ಯಾತ್ರೆ ನಿಂತುಹೋಯಿತು. ಬೆಜವಾಡದ ದಾರಿಯಲ್ಲಿ ರಾಜಮಂಡ್ರಿ ಸ್ಟೇಷನ್ನಿನಲ್ಲಿ ಟೀಗೆಂದು ಇಳಿದವನು, ರೈಲು ಹೊರಟದ್ದು ಕಂಡು ಓಡಿ, ಒದ್ದೆ ಪ್ಲಾಟ್‌ಫಾರಮ್ಮಿನ ಮೇಲೆ ಜಾರಿ ಬಿದ್ದ. ಮಂಡಿಯ ಚಿಪ್ಪು ಒಡೆಯಿತು. ಅದು ಕೂಡಿಕೊಂಡ ಮೇಲೂ ಡಾಕ್ಟರು, ಇನ್ನು ಒಂಟಿಯಾಗಿ ರೈಲು ಹತ್ತುವಂತಿಲ್ಲ ಎಂದರು. ಡಾಕ್ಟರು ಹೇಳಿದ್ದನ್ನು ಜಾರಿ ಮಾಡುವುದರಲ್ಲಿ ನನಗೆ ಜೀವಮಾನದ ಅನುಭವವಿದೆ. ಕೋಲು ಕೊಟ್ಟೆ, ಮಾತ್ರೆಯ ವೇಳೆ ಗೊತ್ತು ಮಾಡಿದೆ, ವರಾಂಡದಲ್ಲಿ ಕುರ್ಚಿ ಹಾಕಿದೆ. ಅವನು ವಿಧೇಯ ರೋಗಿ. ಆದರೆ ದೂರದಲ್ಲಿ ರೈಲಿನ ಕೂಗು ಕೇಳಿದಾಗ ಕೈಯಲ್ಲಿದ್ದ ಲೋಟ ತುಟಿಯವರೆಗೆ ಹೋಗದೆ ನಿಲ್ಲುತ್ತಿತ್ತು. ಕೂಗು ಮುಗಿದ ಮೇಲೆ ಕುಡಿಯುತ್ತಿದ್ದ.

"ಫೋನಾದರೂ ಮಾಡು" ಎಂದು ನಂಬರು ಒತ್ತಿ ಕೊಟ್ಟೆ. ಅಣ್ಣ ಎದ್ದು ನಿಂತು ಮಾತಾಡಿದ.

"ಎಡಗಡೆ ಪೆಡಲ್ ಇದೆಯಾ ಅಂಡಿ?"

"ಇದೆ ಅಂಡಿ."

"ಸರಿ ಅಂಡಿ."

ಮುಗಿಯಿತು. ಫೋನನ್ನು ನನ್ನ ಕೈಗಿಟ್ಟು ಮತ್ತೆ ಕುರ್ಚಿಯಲ್ಲಿ ಕುಳಿತ. ಫೋನಿನಲ್ಲಿ ಬೆಂಚಿಲ್ಲವಲ್ಲ! ಕೆಲಸ ಹೇಳಿದ ಮೇಲೆ ಕೂರುವುದೆಲ್ಲಿ?

ಅವನ ಈ ಹಂಬಲಕ್ಕೆ ನಾನು ಕಂಡುಕೊಂಡ ಮದ್ದೆಂದರೆ ಸೈಕಲ್ಲನ್ನೇ ಪೂರ್ತಿ ಗುಣಪಡಿಸುವುದು. ಕೊರತೆಯೇ ಇಲ್ಲದಿದ್ದರೆ ಕೊರಗು ಎಲ್ಲಿಂದ? ನನ್ನ ಮಗಳು ಅಚ್ಯುತಾಪುರಂನ ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಭಾನುವಾರ ಮನೆಗೆ ಬರುತ್ತಾಳೆ. ಅವಳ ಕನ್ನಡದಲ್ಲಿ ಅರ್ಧ ತೆಲುಗು. ಅವಳು ಸೋದರಮಾವನ ಪಕ್ಕ ಕುಳಿತು ಫೋನಿನಲ್ಲಿ ಸಾಮಾನುಗಳನ್ನು ತೋರಿಸಿದಳು.

"ಮಾವಯ್ಯಾ, ಇದನ್ನು ಕೊಂಡವರೆಲ್ಲ ಏನು ಬರೆದಿದ್ದಾರೆ ಚೂಡಂಡಿ. ಐದು ಸ್ಟಾರ್."

ಅಣ್ಣ ಕನ್ನಡಕ ಹಾಕಿ ಓದಿದ. "'ತುಂಬಾ ಒಳ್ಳೆಯ ವಸ್ತು, ಇನ್ನೂ ಉಪಯೋಗಿಸಿಲ್ಲ.' ಯಾರಮ್ಮ ಇವನು? ಇವನ ಮಾತು ಕೇಳಿ ಬ್ರೇಕ್ ಹಾಕಿಸಿಕೊಂಡರೆ ನಾನು ನಿಲ್ಲೋದು ಸಮುದ್ರದಲ್ಲಿ."

"ಡೌಟ್ ಇದ್ದರೆ ಕಸ್ಟಮರ್ ಕೇರ್‌ಗೆ ಅಡಗೊಚ್ಚು ಕದಾ."

ಕೇಳಿಯೇಬಿಟ್ಟ. ಆ ಕಡೆಯ ಹುಡುಗಿ ಅವನ ಸಂದೇಹವನ್ನು ಕ್ಷಣದಲ್ಲಿ ಪರಿಹರಿಸಿ, ಅವರ ಪದ್ಧತಿಯಂತೆ, "ಇನ್ನೇನಾದರೂ ಸಹಾಯ ಬೇಕಾ ಸರ್?" ಎಂದಳು. ಅಣ್ಣ ಅದನ್ನು ನಂಬಿದ. ಮಂಡಿಯ ವಿಷಯ ಹೇಳಿದ, ರಾಜಮಂಡ್ರಿಯ ಟೀ ವಿಷಯ ಹೇಳಿದ. ನಿಮ್ಮದು ಯಾವೂರಮ್ಮ ಎಂದು ಕೇಳಿದ. ಅದನ್ನು ಹೇಳುವಂತಿಲ್ಲ ಸರ್ ಎಂದಳು. ಫೋನಿಟ್ಟು ಅಣ್ಣ ಬಹಳ ಹೊತ್ತು ಮರುಗಿದ. "ಪಾಪ, ಊರು ಹೇಳಬಾರದಂತೆ. ಹೊಟ್ಟೆಪಾಡಿಗೆ ಏನೆಲ್ಲ ಮಾಡಬೇಕು ನೋಡು."

ಅಂತೂ ಎಲ್ಲವನ್ನೂ ತರಿಸಿದೆವು. ಬ್ರೇಕ್ ರಬ್ಬರು, ತಂತಿ, ಪೆಡಲು, ಹಿಡಿಗವಸು, ಚೈನು, ಬೆಲ್ಲು. ಎಡವೂ ಬಂತು, ಬಲವೂ ಬಂತು. ಮೊದಲು ಹೇಳಿದೆನಲ್ಲ, ಆ ಭಾನುವಾರ ಹನ್ನೊಂದು ಗಂಟೆಗೆ ಅಣ್ಣ ಸ್ಟೂಲಿನ ಮೇಲೆ ಕುಳಿತು ಕೊನೆಯ ನಟ್ಟು ಬಿಗಿಸುತ್ತಿದ್ದ. ಬಿಗಿಸಿ ಚಕ್ರ ತಿರುಗಿಸಿದ. ಸದ್ದೇ ಇಲ್ಲ. ಬ್ರೇಕ್ ಒತ್ತಿದ. ಗಪ್ಪೆಂದು ನಿಂತಿತು.

"ಮಾವಯ್ಯಾ, ಇಂಕ ಬೆಜವಾಡದಲ್ಲಿ ನಿಮಗೆ ಪನಿ ಏನೂ ಇಲ್ಲ" ಎಂದು ಮಗಳು ಕೈ ತಟ್ಟಿದಳು. ಪನಿ ಎಂದರೆ ಕೆಲಸ.

"ಹೌದು. ಇಲ್ಲ" ಎಂದ ಅಣ್ಣ.

ಗುಣವಾಗಿ ಮನೆಗೆ ಹೊರಟ ಎಷ್ಟೋ ಜನರನ್ನು ನಾನು ನೋಡಿದ್ದೇನೆ. ಗುಣವಾದದ್ದಕ್ಕೆ ಅಷ್ಟು ಸಪ್ಪಗಾದ ಮುಖವನ್ನು ನೋಡಿರಲಿಲ್ಲ. ಅವನು ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡು, ಆ ಬಟ್ಟೆಯನ್ನು ಮಡಿಸಿದ. ಬಿಚ್ಚಿ ಮತ್ತೆ ಮಡಿಸಿದ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದ.

ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದಾಗ ಗೇಟಿನ ಸದ್ದಾಯಿತು. ಬಿಳಿ ಅಂಗಿ, ಇಸ್ತ್ರಿ ಪಂಚೆ, ಕೈಯಲ್ಲೊಂದು ಬಟ್ಟೆ ಚೀಲ. ಟೈರುಗಳ ಕೆಳಗಲ್ಲದೆ ಬೇರೆಲ್ಲೂ ನೋಡಿರದ ಕಾರಣ ನನಗೆ ಗುರುತು ಸಿಗಲು ತಡವಾಯಿತು. ಗುರುವುಗಾರು!

ಅಣ್ಣ ಕೋಲು ಮರೆತು ಎದ್ದು ನಿಂತ. ಅವರು ಗೇಟಿನ ಹೊರಗೇ ನಿಂತು, ಚೀಲದಿಂದ ಪೇಪರಿನ ಪೊಟ್ಟಣ ತೆಗೆದು ಹೇಳಿದರು, "ಎಡಗಡೆ ಬ್ರೇಕ್ ರಬ್ಬರು, ಎಡಗಡೆ ಪೆಡಲು. ಸ್ಟಾಕ್ ಬಂತಂಡಿ."

"ಅಮ್ಮಾ, ಹೋಮ್ ಡೆಲಿವರಿ" ಎಂದು ಮಗಳು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಮನೆ ಹೇಗೆ ಸಿಕ್ಕಿತು ಎಂದು ಕೇಳಿದೆ. "ಬಡಾವಣೆಯ ಹೆಸರು ಸ್ಟೋರ್ಸ್‌ಗಾರು ಹೇಳಿದ್ದರು. ಇಲ್ಲಿಗೆ ಬಂದು, ಬ್ರೇಕ್ ಒತ್ತಿಕೊಂಡು ದಿಬ್ಬ ಇಳಿಯೋ ದೊಡ್ಡವರ ಮನೆ ಯಾವುದು ಅಂದೆನಮ್ಮಾ. ಇಡೀ ರಸ್ತೆಯೇ ತೋರಿಸಿತು" ಎಂದರು. ಅಣ್ಣ ಸುಮ್ಮನೆ ಸಮುದ್ರದ ದಿಕ್ಕಿಗೆ ನೋಡಿದ.

ಒಳಗೆ ಬಂದ ಮೇಲೆ ಅವರ ಕಣ್ಣು ಸೈಕಲ್ಲಿನ ಮೇಲೆ ಬಿತ್ತು. ಪೆಡಲಿನಿಂದ ಬೆಲ್ಲಿನವರೆಗೆ ಹೊಳೆಯುತ್ತಿದ್ದ ಸೈಕಲ್ಲು. ಅವರು ಬಗ್ಗಿ ಬ್ರೇಕ್ ರಬ್ಬರನ್ನು ಮುಟ್ಟಿ ನೋಡಿದರು.

"ಎಲ್ಲ ಹೊಸದು."

"ಆನ್‌ಲೈನ್ ಅಂಡಿ" ಎಂದಳು ಮಗಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಒಳ್ಳೆಯದಮ್ಮಾ. ನನ್ನಲ್ಲಿ ಇಷ್ಟು ಹೊಳಪಿನವು ಇಲ್ಲ." ಪೇಪರಿನ ಪೊಟ್ಟಣವನ್ನು ಮತ್ತೆ ಚೀಲದೊಳಗಿಟ್ಟರು. ಕಾಫಿ ಕೊಟ್ಟೆ, ನಿಂತುಕೊಂಡೇ ಕುಡಿದರು. "ಈಗ ಅಂಗಡಿಯಲ್ಲಿ ಎಡಗಡೆಯದು ಕೇಳುವವರೇ ಇಲ್ಲವಂಡಿ" ಎಂದರು, ಯಾರಿಗೆಂದಿಲ್ಲದೆ. ಲೋಟ ಕೆಳಗಿಟ್ಟು, "ಕೆಲಸ ಇಲ್ಲವಲ್ಲ, ಬರ್ತೀನಿ. ಸಾಯಂಕಾಲದ ರೈಲಿದೆ" ಎಂದರು.

ಅಣ್ಣನ ಕಡೆ ನೋಡಿದೆ. ಇರಿ ಎನ್ನಬೇಕು, ಅಷ್ಟೇ. ಎಪ್ಪತ್ತು ದಾಟಿದ ಮನುಷ್ಯ, ತಂದೆಯ ಸೀಟಿಗೆ ಇನ್ನೂ ಅಟೆನ್ಷನ್‌ನಲ್ಲಿ ನಿಂತಿದ್ದ. ಗುರುವುಗಾರು ಗೇಟಿನ ಅಗುಳಿಗೆ ಕೈ ಹಾಕಿದ್ದರು.

"ಹಿಂದಿನ ಚಕ್ರ ಕಟಕಟ ಅಂತಿದೆ" ಎಂದೆ ನಾನು.

ಮಗಳು ನನ್ನನ್ನು ನೋಡಿದಳು. ಗುರುವುಗಾರು ಹಿಂದಕ್ಕೆ ಬಂದು, ಚೀಲ ಕೆಳಗಿಟ್ಟು, ಸೈಕಲ್ಲನ್ನು ಎತ್ತಿ ಹಿಂದಿನ ಚಕ್ರ ತಿರುಗಿಸಿದರು. ಗಾಳಿಯ ಸದ್ದು ಕೂಡ ಇಲ್ಲ. ಅವರು ಕಿವಿ ಹತ್ತಿರ ತಂದು ಕೇಳಿದರು.

"ಅಂತಿದೆ" ಎಂದರು.

"ಅಂತಿದೆ, ಅಂತಿದೆ" ಎಂದ ಅಣ್ಣ. "ಬೆಳಗ್ಗೆಯಿಂದ ಅಂತಾನೇ ಇದೆ."

"ಬಿಚ್ಚಿ ನೋಡಬೇಕಂಡಿ."

"ಬಿಚ್ಚೋಣ."

ಗುರುವುಗಾರು ಪಂಚೆ ಮೇಲೆ ಕಟ್ಟಿ ನೆಲದ ಮೇಲೆ ಕುಳಿತರು. ಅಣ್ಣನ ಸ್ಟೂಲು ಪಕ್ಕಕ್ಕೆ ಬಂತು. ಒಂದು ಭಾಗ ಬಿಚ್ಚುವುದು, ಪೇಪರಿನ ಮೇಲೆ ಇಡುವುದು, ಇಬ್ಬರೂ ಅದನ್ನು ನೋಡುವುದು. ಕಾಲುವೆಗೆ ನೀರು ಬಿಟ್ಟರಾ? ಬಿಟ್ಟರಂಡಿ. ಅಣ್ಣ ಅನ್ನ ಕೇಳಿದ. ಇಬ್ಬರಿಗೂ ಬಡಿಸಿದೆ, ಅಲ್ಲಿಯೇ, ವರಾಂಡದಲ್ಲಿ. ನನ್ನ ಮನೆಯಲ್ಲಿ ಊಟದ ಕೋಣೆ ಬಿಟ್ಟು ಬೇರೆಡೆ ಎಲೆ ಹಾಕಿದ್ದು ಅದೇ ಮೊದಲು.

ಬಿಸಿಲು ಇಳಿಯಿತು. ಚಕ್ರದ ಒಡಲಿನ ಬೇರಿಂಗ್ ಗುಂಡುಗಳೆಲ್ಲ ಹೊರಗೆ ಬಂದು ಸ್ಟೀಲ್ ಬಟ್ಟಲಿನಲ್ಲಿ ಕುಳಿತಿದ್ದವು. ಸದ್ದು ಮಾಡುವ ಗುಂಡು ಒಂದೂ ಸಿಕ್ಕಿರಲಿಲ್ಲ. ಗುರುವುಗಾರು ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು, ರೈಲಿನ ಹೊತ್ತು. ಅಣ್ಣನೂ ನೋಡಿದ. ಅವರ ಕೈ ಗುಂಡುಗಳನ್ನು ಮತ್ತೆ ಜೋಡಿಸಲು ಬಟ್ಟಲಿನ ಕಡೆಗೆ ನಿಧಾನವಾಗಿ ಬಂತು.

ಹಿಡಿದ ಕೆಲಸವನ್ನು ಮರುದಿನಕ್ಕೆ ಬಿಟ್ಟವಳಲ್ಲ ನಾನು. ಒಳಗೆ ಹೋಗಿ, ಅಡುಗೆಮನೆಯ ಮೂಲೆಯಲ್ಲಿದ್ದ ಸೀಮೆಎಣ್ಣೆ ಬಾಟಲಿ ತಂದು, ಥಳಥಳ ಹೊಳೆಯುತ್ತಿದ್ದ ಆ ಗುಂಡುಗಳ ಮೇಲೆ ಪೂರ್ತಿ ಸುರಿದೆ.

"ಜಿಡ್ಡು ಹಿಡಿದಿದೆ. ಬೆಳಗ್ಗೆಯವರೆಗೆ ನೆನೆಯಬೇಕು" ಎಂದೆ, ವಾರ್ಡಿನ ದನಿಯಲ್ಲಿ. "ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ."

ಗುರುವುಗಾರು ಕೈ ಹಿಂದಕ್ಕೆ ತೆಗೆದುಕೊಂಡು ಬಟ್ಟಲನ್ನೇ ನೋಡಿದರು. "ನೆನೆಯಲೇಬೇಕಂಡಿ" ಎಂದರು.

ಅಣ್ಣ ಕೋಲು ಊರಿ ಎದ್ದು, ಒಳಗೆ ಹೋಗಿ, ತನ್ನ ಮಂಚದ ಮೇಲಿದ್ದ ಎರಡು ದಿಂಬುಗಳಲ್ಲಿ ಒಂದನ್ನು ಎತ್ತಿಕೊಂಡು ಬಂದ. ಅದನ್ನು ಎದೆಗೆ ಅವಚಿಕೊಂಡು, ಎಲ್ಲಿಡುವುದೆಂದು ತಿಳಿಯದೆ, ವರಾಂಡದ ನಡುವೆ ನಿಂತಿದ್ದ.

ನಾನು ಬಟ್ಟಲಿಗೆ ತಟ್ಟೆ ಮುಚ್ಚಿ, ಯಾರ ಕಾಲಿಗೂ ತಾಗದಂತೆ ಗೋಡೆಯ ಬದಿಗೆ ಸರಿಸಿಟ್ಟೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.